ಹಾಲೆಂಡಿನ ತಾಯಿ ವ್ಯಾಪಾರ

ಡಚ್ಚರೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಮಲಬಾರಿನ ಮೆಣಸು, ಮೊಲುಕ್ಕಸ್ ದ್ವೀಪಗಳ ಲವಂಗ, ಮತ್ತು 1602ರಲ್ಲಿ ಸ್ಥಾಪಿತವಾದ ಅವರ ಪೂರ್ವ ಇಂಡಿಯಾ ಕಂಪನಿ. 17ನೆಯ ಶತಮಾನದ ಹಾಲೆಂಡಿನ ಸಿರಿಯೆಲ್ಲವೂ ಪೂರ್ವದೇಶಗಳಿಂದಲೇ ಹರಿದುಬಂದಿತೆಂಬ ಭಾವನೆ ಇದರಿಂದ ಬೇರೂರಿದೆ. ಈ ಭಾವನೆ ಅಪೂರ್ಣವೆಂದು ತೋರಿಸುವುದೇ ನಮ್ಮ ಉದ್ದೇಶ. ಡಚ್ಚರು 'ತಾಯಿ ವ್ಯಾಪಾರ'ವೆಂದು ಕರೆದುದು ಮೆಣಸಿನ ವ್ಯಾಪಾರವನ್ನಲ್ಲ. ಬಾಲ್ಟಿಕ್ ಸಮುದ್ರದ ಧಾನ್ಯದ ವ್ಯಾಪಾರವನ್ನು.

ಹಾಲೆಂಡಿನ ನೆಲ ತಗ್ಗು, ಜೌಗು. ಅಲ್ಲಿ ಬೆಳೆದ ಧಾನ್ಯ ಜನರಿಗೆ ಸಾಲದು. ಹಡಗು ಕಟ್ಟಲು ಸಾಕಷ್ಟು ಮರವೂ ಇಲ್ಲ. ಡಾಂಜಿಗ್ ಬಂದರಿನಿಂದ, ಎಂದರೆ ಇಂದಿನ ಪೋಲೆಂಡಿನ ಗ್ಡಾನ್ಸ್ಕ್‌ನಿಂದ, ರೈ ಮತ್ತು ಗೋಧಿಯನ್ನೂ ನಾರ್ವೆಯಿಂದ ಮರವನ್ನೂ ಅವರು ತರುತ್ತಿದ್ದರು. ಬಾಲ್ಟಿಕ್ಕಿಗೆ ಹೋಗುವಾಗ ಹೆರಿಂಗ್ ಮೀನನ್ನೂ ಫ್ರಾನ್ಸ್, ಪೋರ್ಚುಗಲ್‌ಗಳ ಉಪ್ಪನ್ನೂ ಒಯ್ಯುತ್ತಿದ್ದರು. ಇಂಥ ಸರಕಿಗೆ ತೂಕ ಹೆಚ್ಚು, ಬೆಲೆ ಕಡಮೆ. ಆದುದರಿಂದ ಲಾಭವೆಲ್ಲ ಸಾಗಣೆಯ ವೆಚ್ಚವನ್ನೇ ಅವಲಂಬಿಸಿತ್ತು. 1595ರ ಸುಮಾರಿಗೆ ಹೋರ್ನ್ ಪಟ್ಟಣದಲ್ಲಿ ರೂಪುಗೊಂಡ ಫ್ಲೂಯಿಟ್ ಎಂಬ ಹಡಗು ಈ ವೆಚ್ಚವನ್ನು ತಗ್ಗಿಸಿತು. ನೀಳವಾದ, ಒಡಲು ಅಗಲವಾದ ಈ ಹಡಗಿನಲ್ಲಿ ಫಿರಂಗಿಗಳು ವಿರಳ. ಹಗ್ಗ ರಾಟೆಗಳ ನೆರವಿನಿಂದ ಕೆಲವೇ ನಾವಿಕರು ಅದನ್ನು ನಡೆಸಬಹುದಾಗಿತ್ತು. ಗಾಳಿಯಂತ್ರದ ಗರಗಸಗಳು ಹಲಗೆ ಕೊಯ್ದು ಹಡಗಿನ ಬೆಲೆಯನ್ನೂ ಇಳಿಸಿದವು.

ಬಂದ ಧಾನ್ಯ ಆಮ್‌ಸ್ಟರ್‌ಡ್ಯಾಮಿನ ಉಗ್ರಾಣಗಳನ್ನು ಸೇರಿ, ಕೊರತೆಯಿದ್ದ ದೇಶಗಳಿಗೆ ಮತ್ತೆ ರಫ್ತಾಗುತ್ತಿತ್ತು. ನಾನಾ ದೇಶಗಳ ವರ್ತಕರೊಡನೆ ಸವೆದ, ಕತ್ತರಿಸಿದ ನಾಣ್ಯಗಳೂ ಅಲ್ಲಿಗೆ ಬಂದವು. ಈ ಗೊಂದಲವನ್ನು ನೀಗಲು ನಗರಸಭೆಯು 1609ರಲ್ಲಿ ವಿನಿಮಯ ಬ್ಯಾಂಕನ್ನು ತೆರೆಯಿತು. 600 ಗಿಲ್ಡರಿಗಿಂತ ಹೆಚ್ಚಿನ ಹುಂಡಿಗಳು ಅದರ ಲೆಕ್ಕದ ಮೂಲಕವೇ ತೀರಬೇಕೆಂದು ವಿಧಿಸಲಾಯಿತು. ಇಟ್ಟ ಹಣ ಭದ್ರವಾಗಿದೆಯೆಂಬ ವಿಶ್ವಾಸವೇ ಈ ಬ್ಯಾಂಕಿನ ಜೀವಾಳ.

ಈ ವಿಶ್ವಾಸ ಎರಡು ಬಾರಿ ಪರೀಕ್ಷೆಗೊಳಗಾಯಿತು. 1672ರಲ್ಲಿ ಫ್ರಾನ್ಸಿನ 14ನೆಯ ಲೂಯಿಯ ಸೈನ್ಯ ದೇಶದೊಳಕ್ಕೆ ನುಗ್ಗಿದಾಗ ಠೇವಣಿದಾರರು ಬ್ಯಾಂಕಿಗೆ ಧಾವಿಸಿದರು. ಬ್ಯಾಂಕು ಹಣವನ್ನು ಮರಳಿ ಕೊಟ್ಟಿತು. ಆಗ ಹೊರಬಂದ ಕೆಲವು ನಾಣ್ಯಗಳಲ್ಲಿ ಹಿಂದೆ ಪುರಭವನವನ್ನು ಸುಟ್ಟ ಬೆಂಕಿಯ ಕಲೆಯಿದ್ದಿತೆಂದು ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ಹಣವನ್ನು ಯಾರೂ ಮುಟ್ಟಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಬ್ಯಾಂಕು ಸೋತಿತು. 1780ರಿಂದ 1784ರವರೆಗಿನ ಆಂಗ್ಲ-ಡಚ್ ಯುದ್ಧದಲ್ಲಿ ಪೂರ್ವ ಇಂಡಿಯಾ ಕಂಪನಿ ಕಂಗೆಟ್ಟಿತು. ಬ್ಯಾಂಕು ಅದಕ್ಕೆ ಗುಟ್ಟಾಗಿ ಭಾರಿ ಸಾಲ ಕೊಟ್ಟಿತು. 1790ರ ವೇಳೆಗೆ ಬ್ಯಾಂಕಿನ ಮೇಲಣ ನಂಬಿಕೆ ಕುಸಿದಿತ್ತು. 1799ರ ಕೊನೆಗೆ ಕಂಪನಿಯೂ ಅಳಿಯಿತು.

ಹಡಗು, ಧಾನ್ಯ, ಉಪ್ಪುಗಳ ಬಲದಿಂದ ಬೆಳೆದ ಪಟ್ಟಣ ಕೂಡಿಟ್ಟ ವಿಶ್ವಾಸವನ್ನು ಮಸಾಲೆಯ ಕಂಪನಿಗಾಗಿ ವ್ಯಯಮಾಡಲಾಯಿತು. ಆದುದರಿಂದ ಡಚ್ಚರ ಏಳಿಗೆಯ ಮೂಲವನ್ನು ಅರಸುವವರು ಮೆಣಸಿನ ಮೂಟೆಗಿಂತ ಮೊದಲು ರೈ ಧಾನ್ಯದ ಮೂಟೆಯನ್ನು ಬಿಚ್ಚಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.