ಆಜ್ಞೆಯಿಂದ ಶಿಸ್ತಿನವರೆಗೆ: ಸ್ಕೌಟ್ ದಳವೂ ಹುಬ್ಬಳ್ಳಿಯ ಸೇವಾದಳವೂ

ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಲಕ್ಷ್ಮೇಶ್ವರ ಸೀಮೆಯ ಶಿಗ್ಲಿಯಂಥ ನೇಕಾರರ ಊರಿನಲ್ಲಿ ಮಗ್ಗದ ಸದ್ದಿಗಿಂತ ಮೊದಲು ಶಾಲಾ ಮಕ್ಕಳ ಪ್ರಭಾತಫೇರಿಯ ಘೋಷಣೆ ಕೇಳಿಸುತ್ತದೆ. ಸ್ಕೌಟ್ ದಳವಿರುವ ಶಾಲೆಯಾದರೆ ಕೊರಳಿಗೆ ಸ್ಕಾರ್ಫ್ ಕಟ್ಟಿದ ಹುಡುಗರು ಧ್ವಜಸ್ತಂಭದ ಸುತ್ತ ನಿಂತಿರುತ್ತಾರೆ. ಅವರಲ್ಲೇ ಒಬ್ಬ ಹುಡುಗ ‘ಸಾವಧಾನ್’ ಎನ್ನುತ್ತಾನೆ. ಉಳಿದವರೆಲ್ಲರ ಕಾಲುಗಳು ಒಮ್ಮೆಗೇ ಕೂಡುತ್ತವೆ. ಮಾಸ್ತರರು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ.

ನೋಡುವವರಿಗೆ ಇದು ವರ್ಷಕ್ಕೆರಡು ಬಾರಿ ಕಾಣುವ ಮಾಮೂಲು ದೃಶ್ಯ. ಆದರೆ ಹದಿನಾಲ್ಕು ವರ್ಷದ ಹುಡುಗನ ಮಾತನ್ನು ಅವನದೇ ಓರಗೆಯವರು ಏಕೆ ಪಾಲಿಸಬೇಕು? ಅವರು ಕೈಯೆತ್ತಿ ಮಾಡುವ ಪ್ರತಿಜ್ಞೆ ಯಾರಿಗೆ ಕೊಟ್ಟ ಮಾತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಕರ್ನಾಟಕದ ಇತಿಹಾಸದ ಒಂದು ಕುತೂಹಲಕರ ಅಧ್ಯಾಯ ತೆರೆದುಕೊಳ್ಳುತ್ತದೆ.

ಸ್ವಾತಂತ್ರ್ಯಪೂರ್ವದಲ್ಲಿ ಈ ಸೀಮೆಯ ಹುಡುಗನಿಗೆ ಎರಡನೆಯ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಗದಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದು ನೇರ ಬ್ರಿಟಿಷರ ಆಡಳಿತದಲ್ಲಿತ್ತು. ಪೂರ್ವಕ್ಕೆ ಸಾಗಿದರೆ ಕೊಪ್ಪಳದಲ್ಲಿ ನಿಜಾಮರ ಆಳ್ವಿಕೆ. ಚಕ್ಕಡಿ ಹೂಡಿಕೊಂಡು ಒಂದೆರಡು ದಿನ ತಿರುಗಾಡಿದರೆ ನಾಲ್ಕು ಸರ್ಕಾರಗಳ ಕಾಯ್ದೆಗಳನ್ನು ದಾಟಬೇಕಾಗುತ್ತಿತ್ತು. ಎಲ್ಲರ ಮಾತೂ ಕನ್ನಡ. ನಿಷ್ಠೆ ಮಾತ್ರ ಬೇರೆ ಬೇರೆ ಗಾದಿಗಳಿಗೆ ಸಲ್ಲಬೇಕಿತ್ತು.

<b>ಮುತ್ತಿಗೆಯಲ್ಲಿ ಹುಟ್ಟಿದ ಯೋಚನೆ</b>

ಸ್ಕೌಟ್ ಚಳವಳಿಯ ಜನಕ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನಾಧಿಕಾರಿ. 1876ರಲ್ಲಿ ತರುಣ ಅಧಿಕಾರಿಯಾಗಿ ಭಾರತಕ್ಕೆ ಬಂದಿದ್ದವರು. 1899-1900ರಲ್ಲಿ ದಕ್ಷಿಣ ಆಫ್ರಿಕಾದ ಮೆಫೆಕಿಂಗ್ ಪಟ್ಟಣವನ್ನು ಬೋಯರ್ ಸೈನ್ಯ 217 ದಿನ ಮುತ್ತಿದಾಗ ಅದರ ರಕ್ಷಣೆಯ ಹೊಣೆ ಅವರದಾಗಿತ್ತು. ದೊಡ್ಡವರೆಲ್ಲ ಕಾವಲಿಗೆ ಬೇಕಾಗಿದ್ದುದರಿಂದ ಸುದ್ದಿ ಮುಟ್ಟಿಸುವಂತಹ ಕೆಲಸಗಳನ್ನು ಊರಿನ ಹುಡುಗರಿಗೆ ವಹಿಸಲಾಯಿತು. ಆ ಹುಡುಗರ ತುಕಡಿಗೆ ಮುಖಂಡನಾಗಿದ್ದವನೂ ಹದಿಮೂರರ ಆಸುಪಾಸಿನ ಒಬ್ಬ ಹುಡುಗ. ಹೊಣೆ ಹೊರಿಸಿದರೆ ಮಕ್ಕಳು ಅದನ್ನು ನಿಭಾಯಿಸಬಲ್ಲರು ಎಂಬ ಅನುಭವ ಬೇಡನ್ ಪೊವೆಲ್ ಅವರ ಮನಸ್ಸಿನಲ್ಲಿ ಉಳಿಯಿತು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿ ಅವರು ಪ್ರಾಯೋಗಿಕ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ತುಕಡಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿಸಿದರು. ಮರುವರ್ಷ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಕಂತುಗಳಲ್ಲಿ ಪ್ರಕಟವಾಗುತ್ತಲೇ ಊರೂರುಗಳಲ್ಲಿ ಹುಡುಗರು ತಾವೇ ದಳ ಕಟ್ಟಿಕೊಳ್ಳತೊಡಗಿದರು.

ಈ ಗಾಳಿ ಭಾರತಕ್ಕೆ ಮೊದಲು ಬೀಸಿದ್ದು ಕನ್ನಡನಾಡಿನಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ದೇಶದ ಮೊದಲ ಸ್ಕೌಟ್ ದಳವನ್ನು ಆರಂಭಿಸಿದರು. ಆದರೆ ಅದರ ಬಾಗಿಲು ತೆರೆದಿದ್ದುದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ. ಎಲ್ಲರೂ ಸೋದರರೆಂದು ಸಾರುವ ನಿಯಮಾವಳಿ, ಈ ನೆಲದ ಮಕ್ಕಳನ್ನೇ ಹೊರಗೆ ನಿಲ್ಲಿಸಿತ್ತು. ತರಬೇತಿ ಪಡೆದ ಭಾರತೀಯ ಯುವಕರು ಮುಂದೆ ತಮಗೇ ತಿರುಗಿಬಿದ್ದಾರೆಂಬ ಅಳುಕು ಆಳುವವರಲ್ಲಿತ್ತು.

ಹೊರಗುಳಿದವರು ಕೈಕಟ್ಟಿ ಕೂರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಅವರು ಜಾರ್ಜ್ ಅರುಂಡೇಲ್ ಅವರೊಡನೆ ಮದ್ರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಸ್ಕೌಟ್ ಸಂಸ್ಥೆ ಹುಟ್ಟುಹಾಕಿದರು. ಮರುವರ್ಷ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಅವರ ಯತ್ನದಿಂದ ಸೇವಾ ಸಮಿತಿಯ ಸ್ಕೌಟ್ ಸಂಘ ತಲೆಯೆತ್ತಿತು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಹಲವು ಸಂಸ್ಥೆಗಳು ಒಂದಾದವು. ಮಾಳವೀಯರ ಸಂಘ ಮಾತ್ರ ಪ್ರತ್ಯೇಕವಾಗಿಯೇ ಉಳಿಯಿತು.

<b>ಪ್ರಶ್ನಿಸದೆ ಪಾಲಿಸು</b>

ಭಿನ್ನಾಭಿಪ್ರಾಯದ ಬೇರು ಪ್ರತಿಜ್ಞೆಯಲ್ಲಿಯೇ ಇತ್ತು. ದೇವರಿಗೂ ದೊರೆಗೂ ಕರ್ತವ್ಯ ಸಲ್ಲಿಸುತ್ತೇನೆಂದು ಸ್ಕೌಟ್ ವಚನ ಕೊಡಬೇಕಿತ್ತು. ದೊರೆಯೆಂದರೆ ಲಂಡನ್ನಿನ ಚಕ್ರವರ್ತಿ. ಮೂಲ ನಿಯಮಗಳಲ್ಲಿ ಒಂದು, ತಂದೆತಾಯಿ, ತುಕಡಿಯ ನಾಯಕ ಮತ್ತು ಸ್ಕೌಟ್ ಮಾಸ್ತರರ ಅಪ್ಪಣೆಯನ್ನು ಮರುಪ್ರಶ್ನೆಯಿಲ್ಲದೆ ಪಾಲಿಸಬೇಕೆಂದು ಹೇಳುತ್ತಿತ್ತು. ಇಂಗ್ಲೆಂಡಿನ ಹುಡುಗನಿಗೆ ಇದು ಸಹಜ ನಡತೆಯ ಪಾಠವಾಗಿ ಕಂಡಿರಬಹುದು. ಅಸಹಕಾರ ಚಳವಳಿಯ ಕಾವಿನಲ್ಲಿ ಸರ್ಕಾರಿ ಶಾಲೆಯನ್ನೇ ಬಿಟ್ಟುಬಂದ ಧಾರವಾಡ ಸೀಮೆಯ ವಿದ್ಯಾರ್ಥಿಗೆ ಅದು ಹಾಗೆ ಕಾಣುವಂತಿರಲಿಲ್ಲ.

ಹಾಗೆಂದು ನಮ್ಮ ಹಳ್ಳಿಗಳಿಗೆ ಶಿಸ್ತು ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಹುಡುಗರು ಚಪ್ಪಲಿ ಕಳಚಿ, ಹನುಮಂತನಿಗೆ ಕೈಮುಗಿದು ಮಣ್ಣಿಗಿಳಿಯುತ್ತಿದ್ದರು. ವಸ್ತಾದರು ಹೇಳಿದ್ದೇ ಕಾಯ್ದೆ. ಆದರೆ ಗರಡಿಯಲ್ಲಿ ಅಧಿಕಾರವೆಲ್ಲ ವಸ್ತಾದರೊಬ್ಬರ ಕೈಯಲ್ಲಿರುತ್ತಿತ್ತು. ಹುಡುಗರಿಗೆ ಹುಡುಗರೇ ಮುಂದಾಳುಗಳಾಗುವ, ಊರಿನ ಕೆಲಸಕ್ಕೆ ಒಟ್ಟಾಗಿ ಇಳಿಯುವ ಸಂಘಟನೆ ಬೇರೆಯೇ ಬೇಕಾಗಿತ್ತು. ಅಂತಹದೊಂದು ಸಂಘಟನೆ ಹುಟ್ಟಿದ್ದು ಲಕ್ಷ್ಮೇಶ್ವರಕ್ಕೆ ದೂರವಲ್ಲದ ಹುಬ್ಬಳ್ಳಿಯಲ್ಲಿ.

<b>ಹುಬ್ಬಳ್ಳಿಯ ವೈದ್ಯರು</b>

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ 1889ರಲ್ಲಿ ಧಾರವಾಡದಲ್ಲಿ ಜನಿಸಿದವರು. ವೈದ್ಯಶಿಕ್ಷಣ ಪಡೆದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಅಧ್ಯಯನ ಮಾಡಿದರು. ಅಲ್ಲಿ ಲಾಲಾ ಲಜಪತರಾಯರ ಒಡನಾಡಿಯಾಗಿ ಸ್ವರಾಜ್ಯದ ಪ್ರಚಾರದಲ್ಲಿ ದುಡಿದರು. ತಾಯ್ನಾಡಿಗೆ ಮರಳಿದ ಮೇಲೆ ಹುಬ್ಬಳ್ಳಿಯಲ್ಲಿ ಯುವಕರನ್ನು ಕೂಡಿಸಿ ಸೇವಾ ಮಂಡಳ ಕಟ್ಟಿದರು.

1923ರ ಬೇಸಿಗೆಯಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಸಿವಿಲ್ ಲೈನ್ಸ್ ಭಾಗದಲ್ಲಿ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗಕೂಡದೆಂಬ ಸರ್ಕಾರದ ಆಜ್ಞೆಯನ್ನು ಮುರಿಯಲು ದೇಶದ ಮೂಲೆಮೂಲೆಗಳಿಂದ ಸ್ವಯಂಸೇವಕರು ಬಂದರು. ಹರ್ಡೀಕರ್ ಮತ್ತು ಹುಬ್ಬಳ್ಳಿಯ ಸಂಗಡಿಗರೂ ಹೋಗಿ ಸೆರೆಯಾದರು. ಸೆರೆಮನೆಯ ಕಾಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಬರೆದುಕೊಡಲಿಲ್ಲ.

ಈ ಪ್ರಸಂಗದ ಅರ್ಥವನ್ನು ಬಿಡಿಸಿ ನೋಡಬೇಕು. ಆ ಯುವಕರು ಕಾನೂನು ಮುರಿದು ಸೆರೆಗೆ ಹೋದವರು. ಸರ್ಕಾರದ ದೃಷ್ಟಿಯಲ್ಲಿ ಅಶಿಸ್ತಿನವರು. ಆದರೆ ತಾವು ಒಪ್ಪಿ ಕೈಗೊಂಡ ವ್ರತವನ್ನು ಅವರು ಕಷ್ಟದಲ್ಲೂ ಬಿಡಲಿಲ್ಲ. ಉತ್ಸಾಹವಿದ್ದೂ ತರಬೇತಿಯಿಲ್ಲದವರು ಮೊದಲ ಪೆಟ್ಟಿಗೇ ಕುಸಿಯುತ್ತಾರೆಂಬ ಪಾಠವನ್ನು ಹರ್ಡೀಕರ್ ನಾಗಪುರದಿಂದ ಹೊತ್ತು ತಂದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ಸ್ಥಾಪನೆಯಾಯಿತು. ಜವಾಹರಲಾಲ್ ನೆಹರೂ ಮೊದಲ ಅಧ್ಯಕ್ಷರು; ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಸಮವಸ್ತ್ರ ತೊಟ್ಟು ಕವಾಯತು ಮಾಡುವ ದಳವು ಅಹಿಂಸೆಯ ತತ್ತ್ವಕ್ಕೆ ಹೊಂದುವುದೇ ಎಂಬ ಶಂಕೆ ಕಾಂಗ್ರೆಸ್ಸಿನೊಳಗೇ ಇತ್ತು. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪಣೆಯಲ್ಲ. ಒಂದೇ ಸೀಟಿಗೆ ಒಟ್ಟಿಗೆ ಕಾಲೆತ್ತುವ ಗುಂಪು ಯಾರ ಕೈಗೆ ಸಿಕ್ಕರೆ ಏನಾಗುತ್ತದೆಂಬುದನ್ನು ಮುಂದಿನ ಎರಡು ದಶಕಗಳಲ್ಲಿ ಯೂರೋಪು ಕಂಡಿತು. ಇಟಲಿ, ಜರ್ಮನಿಗಳ ಸರ್ವಾಧಿಕಾರಿಗಳು ಸ್ಕೌಟ್ ದಳಗಳನ್ನು ಮುಚ್ಚಿಸಿ, ಮಕ್ಕಳನ್ನು ತಮ್ಮ ಪಕ್ಷದ ಪಡೆಗಳಿಗೆ ಸೇರಿಸಿದರು.

ಸೇವಾದಳದ ಉತ್ತರ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಂಡಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನದಲ್ಲಿ ವಿಜಯನಗರವೆಂಬ ಹೆಸರಿನ ಶಿಬಿರ ಎದ್ದಿತು. ಅಲ್ಲಿ ಹರ್ಡೀಕರ್ ಅವರ ಸ್ವಯಂಸೇವಕರು ಜನಸಂದಣಿಯನ್ನು ನಿಭಾಯಿಸಿದರು. ಶಿಬಿರದ ನೈರ್ಮಲ್ಯದ ಕೆಲಸಕ್ಕೂ ಸ್ವಯಂಸೇವಕರೇ ಇಳಿದರು. ಕವಾಯತು ಕಲಿತ ಕೈಗಳು ಪೊರಕೆ ಹಿಡಿದವು.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರದು ಇನ್ನೊಂದು ಸಾಹಸ. ಎಳೆಯ ವಯಸ್ಸಿನಲ್ಲೇ ವೈಧವ್ಯ ಕಂಡ ಅವರು ಭಗಿನಿ ಮಂಡಳದ ಮೂಲಕ ಸ್ತ್ರೀಯರನ್ನು ಸಂಘಟಿಸುತ್ತಿದ್ದರು. ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತು, ಬೆಳಗಾವಿ ಅಧಿವೇಶನಕ್ಕಾಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದರು. ಮನೆಯ ಹೊಸ್ತಿಲು ದಾಟಲೂ ಹಿರಿಯರ ಒಪ್ಪಿಗೆ ಬೇಕಾಗಿದ್ದ ಕಾಲ. ವಿಧವೆಯರೂ ಆ ಸಾಲಿನಲ್ಲಿದ್ದರು. ಮನೆಯ ಕಟ್ಟಳೆ ಅವರ ಮೇಲೆ ಹೇರಿದ್ದಾಗಿತ್ತು. ದಳದ ಕಟ್ಟಳೆ ಅವರು ಆಯ್ದುಕೊಂಡದ್ದಾಗಿತ್ತು. 1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರನ್ನು ಯೆರವಡಾ ಸೆರೆಮನೆಗೆ ಕಳಿಸಿತು.

<b>ತುಕಡಿಯ ಒಳಗುಟ್ಟು</b>

ಸ್ಕೌಟ್ ಚಳವಳಿಯೂ ಅಷ್ಟರಲ್ಲಿ ಬದಲಾವಣೆಯ ಹಾದಿ ಹಿಡಿದಿತ್ತು. 1937ರ ಭಾರತ ಪ್ರವಾಸದ ನಂತರ ಬೇಡನ್ ಪೊವೆಲ್ ಭಾರತೀಯರ ಬಗ್ಗೆ ಆಡಿದ ಹಗುರ ಮಾತುಗಳು ಇಲ್ಲಿ ತೀವ್ರ ಪ್ರತಿಭಟನೆಗೆ ಕಾರಣವಾದವು. 1938ರಲ್ಲಿ ಹಿಂದುಸ್ತಾನ ಸ್ಕೌಟ್ ಸಂಘ ರೂಪುಗೊಂಡಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ವಿಲೀನವಾಗಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಉದಯಿಸಿತು. 1951ರ ಆಗಸ್ಟ್ 15ರಂದು ಗೈಡ್ ಬಾಲಕಿಯರ ಸಂಘಟನೆಯೂ ಕೂಡಿಕೊಂಡಿತು.

ಪ್ರತಿಜ್ಞೆಯಲ್ಲಿ ದೊರೆಯ ಸ್ಥಾನಕ್ಕೆ ದೇಶ ಬಂತು. ದೇವರೆಂಬ ಪದದ ಬದಲು ಧರ್ಮವೆಂದು ಹೇಳಲು ಅವಕಾಶವಾಯಿತು. ನಿಯಮಗಳು ಒಂಬತ್ತಾದವು. ಪ್ರಶ್ನಿಸದೆ ಅಪ್ಪಣೆ ಪಾಲಿಸಬೇಕೆಂಬ ಹಳೆಯ ನಿಯಮದ ಜಾಗದಲ್ಲಿ, ಸ್ಕೌಟ್ ಶಿಸ್ತುಳ್ಳವನು ಮತ್ತು ಸಾರ್ವಜನಿಕ ಆಸ್ತಿಯನ್ನು ಕಾಪಾಡಲು ನೆರವಾಗುವವನು ಎಂಬ ನಿಯಮ ಬಂತು. ಮಾತಿನ ಈ ವ್ಯತ್ಯಾಸ ಸಣ್ಣದಲ್ಲ. ಅಪ್ಪಣೆ ಕೊಡಲು ಎದುರಿಗೆ ಒಬ್ಬರು ನಿಂತಿರಬೇಕು. ಯಾರೂ ನೋಡದಾಗ ಬಸ್ಸಿನ ಸೀಟು ಹರಿಯದಿರುವುದು, ನಲ್ಲಿಯ ನೀರು ನಿಲ್ಲಿಸಿ ಬರುವುದು ಶಿಸ್ತಿನಿಂದ ಮಾತ್ರ ಸಾಧ್ಯ.

ಆದರೆ ಬ್ರೌನ್‌ಸೀಯಲ್ಲಿ ಪ್ರಯೋಗಿಸಿದ ತುಕಡಿ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ದಳವೊಂದರಲ್ಲಿ ಆರರಿಂದ ಎಂಟು ಮಕ್ಕಳ ಕೆಲವು ತುಕಡಿಗಳಿರುತ್ತವೆ. ಪ್ರತಿ ತುಕಡಿಗೆ ಒಬ್ಬ ನಾಯಕ, ಒಬ್ಬ ಉಪನಾಯಕ. ಒಬ್ಬನಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೊಬ್ಬನಿಗೆ ಹಗ್ಗ-ಗೂಟಗಳ ಲೆಕ್ಕ, ಮತ್ತೊಬ್ಬನಿಗೆ ದಿನಚರಿ ಬರೆಯುವ ಕೆಲಸ. ಹೊಣೆಯಿಲ್ಲದವನು ಒಬ್ಬನೂ ಇರಬಾರದು. ಸ್ಕೌಟ್ ಮಾಸ್ತರರು ಮೊದಲು ನಾಯಕರಿಗೆ ಕಲಿಸುತ್ತಾರೆ. ನಾಯಕರು ತಮ್ಮ ತುಕಡಿಗೆ ಕಲಿಸುತ್ತಾರೆ. ನಾಯಕರೆಲ್ಲ ಕೂಡುವ ಸಭೆಗೆ ‘ಕೋರ್ಟ್ ಆಫ್ ಆನರ್’ ಎಂದು ಹೆಸರು. ಮುಂದಿನ ಶಿಬಿರ ಎಲ್ಲಿ, ಹಣ ಹೇಗೆ ಖರ್ಚಾಗಬೇಕು, ಮಾತು ಮುರಿದವನಿಗೆ ಏನು ಹೇಳಬೇಕು ಎಂಬುದೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ಮಾಸ್ತರರು ಅಲ್ಲಿ ಸಲಹೆಗಾರರು.

ಹೇಳುವುದು ಸುಲಭ, ನಡೆಸುವುದು ಕಷ್ಟ. ಶಿಬಿರದಲ್ಲಿ ಹುಡುಗರು ಒಲೆ ಹೂಡಿ ಅನ್ನಕ್ಕಿಟ್ಟಾಗ ನೀರು ಕಡಿಮೆಯಾಗಿರುವುದು ಹಿರಿಯರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಸೌಟು ಕಸಿದುಕೊಂಡರೆ ಅನ್ನ ಉಳಿಯುತ್ತದೆ, ಪಾಠ ಹೋಗುತ್ತದೆ. ಸೀದ ಅನ್ನವನ್ನು ಎಲ್ಲರೂ ಕೂಡಿ ಉಂಡರೆ ಮರುದಿನ ನೀರಿನ ಅಳತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಂಕಿ ಡೇರೆಗೆ ತಾಗುವಂತಿದ್ದರೆ, ಆಳ ತಿಳಿಯದ ಕೆರೆಗೆ ಹುಡುಗರು ಇಳಿಯಹೊರಟರೆ, ನಾಯಕನು ಕಿರಿಯರನ್ನು ಗದರಿಸಿ ತನ್ನ ಕೆಲಸ ಮಾಡಿಸಿಕೊಳ್ಳುತ್ತಿದ್ದರೆ, ಆಗ ಸುಮ್ಮನಿರುವುದು ಕರ್ತವ್ಯಲೋಪವೇ ಸರಿ. ಯಾವುದನ್ನು ನೋಡಿಯೂ ನೋಡದಂತಿರಬೇಕು, ಯಾವಾಗ ಮುಂದೆ ಬರಬೇಕು ಎಂಬ ವಿವೇಚನೆಯೇ ಹಿರಿಯರ ನಾಯಕತ್ವ.

ಕರ್ನಾಟಕದಲ್ಲಿ ಈ ಪದ್ಧತಿಗೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಕೊಂಡಜ್ಜಿ ಬಸಪ್ಪ ಅವರ ಹೆಸರು ಎದ್ದು ಕಾಣುತ್ತದೆ. ದಾವಣಗೆರೆಗೆ ಸಮೀಪದ ಕೊಂಡಜ್ಜಿಯ ಸ್ಕೌಟ್ ತರಬೇತಿ ಕೇಂದ್ರ ಮತ್ತು ದೊಡ್ಡಬಳ್ಳಾಪುರದಲ್ಲಿ ಆನಿ ಬೆಸೆಂಟ್ ಹೆಸರಿನಲ್ಲಿರುವ ಶಿಬಿರಸ್ಥಳ ಮಕ್ಕಳಿಗೂ ಶಿಕ್ಷಕರಿಗೂ ಪರಿಚಿತ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಒಂದು ಕಾಲಕ್ಕೆ ಕನ್ನಡದ ಮಕ್ಕಳಿಗೆ ಬಾಗಿಲು ಮುಚ್ಚಿದ್ದ ಚಳವಳಿಗೆ ಕನ್ನಡನಾಡೇ ಆತಿಥ್ಯ ನೀಡಿತು.

ಹರ್ಡೀಕರ್ 1975ರಲ್ಲಿ ತೀರಿಕೊಂಡರು. ಮಿರಜ, ಸಾಂಗಲಿಗಳ ಗಾದಿಗಳು 1948ರಲ್ಲೇ ಇತಿಹಾಸಕ್ಕೆ ಸಂದಿದ್ದವು. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದವು; ಶಿಗ್ಲಿಯ ಹುಡುಗ ಯಾರಿಗೆ ಪ್ರತಿಜ್ಞೆ ಕೊಡಬೇಕೆಂಬ ಪ್ರಶ್ನೆ ಬಗೆಹರಿಯಿತು. ಓರಗೆಯವನ ಮಾತನ್ನು ಏಕೆ ಕೇಳಬೇಕೆಂಬ ಪ್ರಶ್ನೆ ಮಾತ್ರ ಪ್ರತಿಯೊಂದು ದಳದಲ್ಲೂ ಹೊಸದಾಗಿ ಹುಟ್ಟುತ್ತದೆ. ಜನವರಿ 26ರಂದು ಪೆಟ್ಟಿಗೆಯಿಂದ ತೆಗೆದು ಸಂಜೆಗೆ ಮಡಚಿಡುವ ಸಮವಸ್ತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ನಾಯಕರ ಸಭೆ ನಿಜವಾಗಿ ಕೂಡುವ, ಶಿಬಿರದ ಖರ್ಚಿನ ಲೆಕ್ಕವನ್ನು ಮಕ್ಕಳೇ ಬರೆಯುವ, ಮಾಸ್ತರರು ಒಂದು ಹೆಜ್ಜೆ ಹಿಂದೆ ನಿಲ್ಲುವ ಶಾಲೆಯಲ್ಲಿ ಅದು ಮಕ್ಕಳಿಗೆ ತಾನಾಗಿಯೇ ಸಿಗುತ್ತದೆ.