ನಿವೃತ್ತಿವೇತನ: ಕೃಪೆಯಿಂದ ಹಕ್ಕಿನವರೆಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿಮಾತನ್ನು ನಿವೃತ್ತರಿಗೆ ಹೇಳದವರಿಲ್ಲ. ಆದರೆ ಹಾಸಿಗೆಯೇ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಹೋದರೆ ಕಾಲನ್ನು ಎಷ್ಟೆಂದು ಮಡಚುವುದು? ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ, 1,000 ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು 12 ವರ್ಷಗಳಲ್ಲಿ ಅರ್ಧಕ್ಕೂ, 24 ವರ್ಷಗಳಲ್ಲಿ ಕಾಲುಭಾಗಕ್ಕೂ ಇಳಿಯುತ್ತದೆ. ಅರುವತ್ತಕ್ಕೆ ನಿವೃತ್ತನಾದವನಿಗೆ ಆಗ ಎಂಬತ್ತನಾಲ್ಕು ವರ್ಷ. ಔಷಧದ ಖರ್ಚು ಹೆಚ್ಚುವ ವಯಸ್ಸಿಗೆ ಸರಿಯಾಗಿ ಹಣದ ಬಲ ಕುಗ್ಗಿರುತ್ತದೆ.

ಆದ್ದರಿಂದ ನಿವೃತ್ತಿಯ ನೆಮ್ಮದಿ ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ. ತಿಂಗಳಿಗೆ ಬರುವುದೆಷ್ಟು? ಬೆಲೆ ಏರಿದಾಗ ಅದೂ ಏರುವುದೆ? ನನ್ನ ಕಾಲಾನಂತರ ಮನೆಯವರಿಗೆ ದೊರೆಯುವುದೆ? ಇಂದು ನಮ್ಮ ಹಿರಿಯ ಸರ್ಕಾರಿ ನಿವೃತ್ತರು ಈ ಮೂರಕ್ಕೂ ಉತ್ತರ ಹೇಳಬಲ್ಲರು. ಆ ಉತ್ತರಗಳು ತಾವಾಗಿ ಬಂದವಲ್ಲ.

ಬ್ರಿಟಿಷರ ಕಾಲದ 1871ರ ಪಿಂಚಣಿ ಕಾಯಿದೆಯನ್ನು ನೋಡಿದರೆ ಆಗಿನ ಮನೋಧರ್ಮ ತಿಳಿಯುತ್ತದೆ. ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸದಂತೆ ಆ ಕಾಯಿದೆ ರಕ್ಷಣೆ ಕೊಟ್ಟಿತು. ಅದೇ ಕೈಯಿಂದ, ಪಿಂಚಣಿಯ ವಿಷಯವಾಗಿ ಸಿವಿಲ್ ನ್ಯಾಯಾಲಯಗಳು ದಾವೆ ನಡೆಸದಂತೆ ತಡೆಯನ್ನೂ ಹಾಕಿತು. ಕೊಡುವವರು ಪ್ರಭುಗಳು, ಪಡೆಯುವವರು ಕೃಪೆಗೆ ಪಾತ್ರರಾದವರು ಎಂಬ ಭಾವನೆ ಅದು. ಸ್ವಾತಂತ್ರ್ಯ ಬಂದು ಎರಡು ದಶಕ ಕಳೆದ ಮೇಲೂ ಈ ಭಾವನೆ ಪೂರ್ತಿ ಅಳಿದಿರಲಿಲ್ಲ. 1971ರಲ್ಲಿ ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ, ಪಿಂಚಣಿ ಸರ್ಕಾರದ ಮನಸ್ಸಿಗೆ ಬಂದಂತೆ ಕೊಡುವ ವಸ್ತುವಲ್ಲ, ಅದು ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿತು.

ಮನೆಯಾಕೆಯ ಪಾಲಿನ ಕಥೆ ಬೇರೆ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1964ರ ಜನವರಿ 1ರಿಂದ. ಅದಕ್ಕೆ ಮೊದಲೇ ನಿವೃತ್ತರಾದವರ ವಿಧವೆಯರು ಯೋಜನೆಯ ಹೊರಗೆ ಉಳಿದರು. ಜೀವನವಿಡೀ ಒಂದೇ ಸಂಬಳದಲ್ಲಿ ಸಂಸಾರ ತೂಗಿಸಿದ ಹೆಂಗಸು, ಗಂಡ ನಿವೃತ್ತನಾದ ತಾರೀಖಿನ ದೆಸೆಯಿಂದ ಬರಿಗೈಯಾದಳು. ಇವರಿಗೂ ಕುಟುಂಬ ಪಿಂಚಣಿ ಸಲ್ಲಬೇಕೆಂದು ನಿರ್ಣಯವಾದದ್ದು 1985ರಲ್ಲಿ, ಪೂನಮಾಳ್ ಎಂಬ ವಿಧವೆಯ ಹೆಸರಿನ ಮೊಕದ್ದಮೆಯಲ್ಲಿ. ಅಲ್ಲಿಗೆ ಇಪ್ಪತ್ತೊಂದು ವರ್ಷ ಕಳೆದಿತ್ತು.

ಈ ಎರಡರ ನಡುವೆ ನಡೆದದ್ದೇ ಎಲ್ಲಕ್ಕಿಂತ ದೊಡ್ಡ ಪ್ರಕರಣ. 1979ರ ಮೇ 25ರಂದು ಸರ್ಕಾರ ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿತು. ಹಿಂದೆ ಕೊನೆಯ 36 ತಿಂಗಳ ಸರಾಸರಿ ಸಂಬಳದ ಮೇಲೆ ಲೆಕ್ಕ ಹಾಕುತ್ತಿದ್ದುದನ್ನು ಕೊನೆಯ 10 ತಿಂಗಳಿಗೆ ಇಳಿಸಿತು. ಸಂಬಳ ವರ್ಷಕ್ಕೊಮ್ಮೆ ಏರುವುದರಿಂದ, ಕೊನೆಯ ತಿಂಗಳುಗಳ ಸರಾಸರಿಯೇ ನೌಕರನಿಗೆ ಲಾಭ. ಆದರೆ ಈ ಲಾಭ ದೊರೆತದ್ದು 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ. ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ದುಡಿದ ಇಬ್ಬರಲ್ಲಿ ಒಬ್ಬರು ಫೆಬ್ರುವರಿ 28ಕ್ಕೂ ಇನ್ನೊಬ್ಬರು ಮಾರ್ಚ್ 31ಕ್ಕೂ ಮನೆಗೆ ಹೋಗಿದ್ದರೆ, ಒಂದು ತಿಂಗಳ ಅಂತರ ಸಾಯುವವರೆಗೂ ಪಾಸ್‌ಬುಕ್ಕಿನಲ್ಲಿ ಕಾಣುತ್ತಿತ್ತು. ಇಬ್ಬರೂ ಅಕ್ಕಿ ಕೊಳ್ಳುತ್ತಿದ್ದುದು ಮಾತ್ರ ಒಂದೇ ಬೆಲೆಗೆ.

ರಕ್ಷಣಾ ಸಚಿವಾಲಯದಲ್ಲಿ ಹಣಕಾಸು ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾಗಿದ್ದ ಡಿ. ಎಸ್. ನಕಾರಾ ಸುಪ್ರೀಂ ಕೋರ್ಟಿಗೆ ಹೋದರು. ಎಚ್. ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆಯೂ ಅರ್ಜಿದಾರನಾಗಿ ಜೊತೆಗೂಡಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರ ಪೀಠ 1982ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿ. ಪಿಂಚಣಿ ದಾನವಲ್ಲ, ಸಲ್ಲಿಸಿದ ಸೇವೆಯ ಫಲ. ಬರಿಯ ಒಂದು ತಾರೀಖನ್ನು ಗೆರೆಯಾಗಿ ಎಳೆದು ಪಿಂಚಣಿದಾರರನ್ನು ಒಡೆಯುವುದು ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಹಳಬರಿಗೂ ಹೊಸ ಲೆಕ್ಕ ಅನ್ವಯವಾಯಿತು, ಆ ನಿಗದಿತ ದಿನಾಂಕದಿಂದ ಮುಂದಕ್ಕೆ ಮಾತ್ರ. ಅದಕ್ಕೂ ಹಿಂದಿನ ಬಾಕಿ ಇಲ್ಲ. ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುವುದು ಇದಕ್ಕಾಗಿ.

ಇನ್ನು ಬೆಲೆಯ ಪ್ರಶ್ನೆ. 1973ರ ಮೂರನೆಯ ವೇತನ ಆಯೋಗದ ಬಳಿಕ ಪಿಂಚಣಿದಾರರ ತುಟ್ಟಿ ಪರಿಹಾರ ಬೆಲೆ ಸೂಚ್ಯಂಕಕ್ಕೆ ಜೋಡಣೆಯಾಯಿತು. ಈಗ ಅದು ಜನವರಿ ಮತ್ತು ಜುಲೈಗಳಿಂದ, ವರ್ಷಕ್ಕೆ ಎರಡು ಸಲ ಪರಿಷ್ಕಾರಗೊಳ್ಳುತ್ತದೆ. ಆದರೆ 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತುಗಳನ್ನು ಕೋವಿಡ್ ಕಾರಣದಿಂದ ತಡೆಹಿಡಿಯಲಾಯಿತು. 2021ರ ಜುಲೈಯಿಂದ ಏರಿಕೆ ದೊರೆತರೂ ಆ 18 ತಿಂಗಳ ಬಾಕಿ ಸಿಗಲಿಲ್ಲ. ಖಾಸಗಿ ನೌಕರರಿಗೆ 1995ರಲ್ಲಿ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ತುಟ್ಟಿ ಪರಿಹಾರವೆಂಬುದೇ ಇಲ್ಲ. ಅದರ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿಪಡಿಸಿದ್ದೇ 2014ರಲ್ಲಿ. ಕಾರ್ಖಾನೆಯಲ್ಲಿ, ಖಾಸಗಿ ಕಂಪೆನಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮವರೆಷ್ಟೋ ಮಂದಿಯ ಹಾಸಿಗೆ ಗಿಡ್ಡವಾಗುವುದು ಇಲ್ಲಿಯೇ.

2004ರ ಜನವರಿ 1ರಂದು ಮತ್ತೊಂದು ಗೆರೆ ಬಿತ್ತು. ಆ ದಿನದಿಂದ ಕೇಂದ್ರ ಸರ್ಕಾರದ ನಾಗರಿಕ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಸಂಬಳದಿಂದ ಶೇಕಡ 10 ಕಡಿತವಾಗಿ, ಸರ್ಕಾರದ ಪಾಲೂ ಸೇರಿ, ಮಾರುಕಟ್ಟೆಯಲ್ಲಿ ಬೆಳೆಯುವ ಗಂಟು ಮಾತ್ರ. ನಾನು ಆ ಗೆರೆಯ ಈಚೆಗೆ ಸೇರಿದವನು. ಗಂಟು ಎಷ್ಟಾಗಿದೆಯೆಂದು ಲೆಕ್ಕದ ಹಾಳೆ ಹೇಳುತ್ತದೆ. ಅದು ಎಷ್ಟು ವರ್ಷದ ಅಕ್ಕಿಬೇಳೆಯೆಂದು ಹೇಳುವುದಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡವರಿಗೆ, 25 ವರ್ಷ ಸೇವೆಯಾಗಿದ್ದರೆ, ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಪಿಂಚಣಿ. ಅವರ ಕಾಲಾನಂತರ ಪತಿ ಅಥವಾ ಪತ್ನಿಗೆ ಅದರ ಶೇಕಡ 60. ಜೊತೆಗೆ ತುಟ್ಟಿ ಪರಿಹಾರ. ಮೇಲಿನ ಮೂರು ಪ್ರಶ್ನೆಗಳೇ ಸುತ್ತಿ ಬಳಸಿ ಮತ್ತೆ ಬಂದಿವೆ.

ಬೆಂಗಳೂರನ್ನು ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗವೆನ್ನುತ್ತಿದ್ದರು. ಹೊರನಾಡಿನಲ್ಲಿರುವ ನಾವು ನಿವೃತ್ತಿಯ ಮಾತೆತ್ತಿದಾಗಲೆಲ್ಲ ಊರಿನ ಮನೆ, ಹಿತ್ತಿಲು, ಸಂಜೆಯ ತಿರುಗಾಟ ಎನ್ನುತ್ತೇವೆ. ಆ ಕನಸು ಕಾಣುವ ಮೊದಲು ಒಂದು ಸಂಜೆ ಗಂಡಹೆಂಡಿರಿಬ್ಬರೂ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳೋಣ. ಬರುವುದೆಷ್ಟು ಎಂಬುದನ್ನು ನಾವೆಲ್ಲ ನೋಡಿಯೇ ಇರುತ್ತೇವೆ. ಏರುವುದೆ, ನನ್ನ ನಂತರ ಇವಳಿಗೆ ಬರುವುದೆ ಎಂಬೆರಡನ್ನೂ ಅಂದೇ ನೋಡಿಬಿಡೋಣ.