ಕಡತ ಸರ್ವರ್

ಕಡತ ಸರ್ವರ್ ಅಥವಾ ಫೈಲ್ ಸರ್ವರ್ ಎಂಬುದು ಒಂದೇ ಜಾಲದಲ್ಲಿರುವ ಹಲವು ಗಣಕಯಂತ್ರಗಳಿಗೆ ಕಡತಗಳನ್ನು ಒಂದೆಡೆಯಿಂದ ಒದಗಿಸುವ ಗಣಕ. ಇದಕ್ಕೆ ವಿಶೇಷ ಯಂತ್ರವೇ ಬೇಕೆಂದಿಲ್ಲ. ಸಾಧಾರಣ ಡೆಸ್ಕ್‌ಟಾಪ್ ಕೂಡ ಸಾಕಾಗುತ್ತದೆ. ಕಡತಗಳನ್ನು ಒಂದೆಡೆ ಕೂಡಿಡುವುದು ಈ ಕೆಲಸದ ಸುಲಭ ಭಾಗ. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನು ಗೊತ್ತುಪಡಿಸುವ ಪ್ರವೇಶ ನಿಯಂತ್ರಣವೇ ಕಠಿಣವಾದದ್ದು.

ಹಿನ್ನೆಲೆ

ಕಡತಕ್ಕೆ ಅನುಮತಿ ಪಟ್ಟಿಯನ್ನು ಜೋಡಿಸುವ ಕಲ್ಪನೆ 1960ರ ದಶಕದ ಮಲ್ಟಿಕ್ಸ್ ಕಾರ್ಯಾಚರಣ ವ್ಯವಸ್ಥೆಯಷ್ಟು ಹಳೆಯದು. ಜಾಲದ ಮೂಲಕ ಕಡತ ಹಂಚಿಕೊಳ್ಳುವ ಎಸ್‌ಎಂಬಿ ಪ್ರೊಟೊಕಾಲ್ 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡು, ಮುಂದೆ ಮೈಕ್ರೋಸಾಫ್ಟ್ ವಿಂಡೋಸ್‌ನ ಭಾಗವಾಯಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಸುಮಾರಿಗೆ ಅದೇ ಪ್ರೊಟೊಕಾಲನ್ನು ಯುನಿಕ್ಸ್ ಗಣಕಗಳಿಗೆ ಅಳವಡಿಸಿದರು. ಎಸ್, ಎಂ, ಬಿ ಅಕ್ಷರಗಳಿರುವ ಪದಗಳನ್ನು ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕ ‘ಸಾಂಬಾ’ ಎಂಬುದೇ ಆ ತಂತ್ರಾಂಶದ ಹೆಸರಾಯಿತು. ಸಾಂಬಾ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ.

ಸಣ್ಣ ಉದ್ಯಮಗಳಲ್ಲಿ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಂಪನಿಗಳ ಜೊತೆಗೆ ಗ್ರಾನೈಟ್ ಹೊಳಪು ನೀಡುವ, ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳೂ ಇವೆ. ಇಂತಹ ಘಟಕಕ್ಕೆ ಕಡತ ಸರ್ವರ್ ಏಕೆ ಬೇಕೆಂಬುದು ಒಂದು ನಕ್ಷೆಯ ಉದಾಹರಣೆಯಿಂದ ತಿಳಿಯುತ್ತದೆ. ಬಿಡಿಭಾಗದ ನಕ್ಷೆ ಗ್ರಾಹಕರಿಂದ ಬರುತ್ತದೆ, ಪದೇಪದೇ ತಿದ್ದುಪಡಿಯಾಗುತ್ತದೆ. ವಿನ್ಯಾಸ ವಿಭಾಗದಲ್ಲಿ ಹೊಸ ಪ್ರತಿ, ಯಂತ್ರದ ಬಳಿ ಹಳೆಯ ಪ್ರತಿ ಇದ್ದರೆ ಇಡೀ ದಿನದ ಉತ್ಪಾದನೆ ಗುಜರಿಗೆ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಹೊತ್ತೊಯ್ಯುವ ಪದ್ಧತಿ ಈ ಗೊಂದಲವನ್ನು ಹೆಚ್ಚಿಸುತ್ತದೆ, ವೈರಸ್ಸನ್ನೂ ಹರಡುತ್ತದೆ. ಮೇಲಾಗಿ ಆ ನಕ್ಷೆ ಘಟಕದ ಸ್ವಂತದ್ದಲ್ಲ, ಗ್ರಾಹಕರು ನಂಬಿ ಕೊಟ್ಟದ್ದು.

ಸಿದ್ಧತೆ

ಬೇಕಾದ ಸಾಮಗ್ರಿ ಅಲ್ಪ: ಒಂದು ಗಣಕ, ಒಂದೇ ಮಾಹಿತಿಯನ್ನು ಏಕಕಾಲದಲ್ಲಿ ಬರೆದುಕೊಳ್ಳುವ ಎರಡು ಡಿಸ್ಕ್‌ಗಳು, ತಂತಿಯ ಜಾಲ, ಮತ್ತು ಯುಪಿಎಸ್. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಡತ ಕೆಡಬಹುದಾದ್ದರಿಂದ ಕೊನೆಯದನ್ನು ಅನಗತ್ಯ ಖರ್ಚೆಂದು ಬಿಡಬಾರದು. ಸರ್ವರ್‌ನ ಜಾಲ ವಿಳಾಸವನ್ನು ಸ್ಥಿರವಾಗಿ ಇರಿಸಬೇಕು, ಇಲ್ಲವಾದರೆ ರೂಟರ್ ಮರುಚಾಲನೆಗೊಂಡಾಗ ಉಳಿದ ಗಣಕಗಳಿಗೆ ಅದು ಸಿಗದೆ ಹೋಗಬಹುದು. ಸಾಮಾನ್ಯ ವಿಂಡೋಸ್ 10 ಅಥವಾ 11ರಲ್ಲಿ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಾತ್ರ ಅವಕಾಶವಿದೆ. ಅದಕ್ಕೂ ಹೆಚ್ಚು ಬೇಕಾದವರು ವಿಂಡೋಸ್ ಸರ್ವರ್ ಖರೀದಿಸಬೇಕು ಅಥವಾ ಲಿನಕ್ಸ್ ಮೇಲೆ ಸಾಂಬಾ ಸ್ಥಾಪಿಸಬೇಕು.

ಪ್ರವೇಶ ನಿಯಂತ್ರಣ

ಎಲ್ಲರಿಗೂ ಒಂದೇ ಹೆಸರು, ಒಂದೇ ಗುಪ್ತಪದ ಕೊಡುವುದು ಬಹಳ ಕಡೆ ಕಾಣುವ ರೂಢಿ. ಹೀಗೆ ಮಾಡಿದರೆ ಕಡತವನ್ನು ಅಳಿಸಿದವರು ಯಾರೆಂದು ಎಂದಿಗೂ ತಿಳಿಯದು. ಪ್ರತಿ ವ್ಯಕ್ತಿಗೂ ಪ್ರತ್ಯೇಕ ಖಾತೆ ಇರಬೇಕು. ಅನುಮತಿಯನ್ನು ಮಾತ್ರ ವ್ಯಕ್ತಿಗಲ್ಲ, ಗುಂಪಿಗೆ ಕೊಡಬೇಕು. ವಿನ್ಯಾಸ, ಉತ್ಪಾದನೆ, ಲೆಕ್ಕಪತ್ರ ಎಂಬ ಮೂರು ಗುಂಪುಗಳಿದ್ದರೆ, ವಿಭಾಗ ಬದಲಿಸಿದ ನೌಕರನನ್ನು ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಸೇರಿಸಿದರೆ ಸಾಕು. ಸಾಂಬಾದಲ್ಲಿ ಲಿನಕ್ಸ್ ಖಾತೆಯ ಜೊತೆಗೆ ಸಾಂಬಾದ ಗುಪ್ತಪದವನ್ನೂ ಬೇರೆಯಾಗಿ ನಿಗದಿಪಡಿಸಬೇಕು. ಹೊಸಬರು ತಡವರಿಸುವುದು ಹೆಚ್ಚಾಗಿ ಇಲ್ಲಿಯೇ.

ವಿಂಡೋಸ್‌ನಲ್ಲಿ ಕಡತವನ್ನು ತಲುಪಲು ಎರಡು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ಹಂಚಿಕೆಯ ಅನುಮತಿ, ಎರಡನೆಯದು ಡಿಸ್ಕ್‌ನಲ್ಲಿರುವ ಕಡತದ ಅನುಮತಿ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ಅನ್ವಯವಾಗುತ್ತದೆ. ಕಡತದ ಮೇಲೆ ಪೂರ್ಣ ಹಕ್ಕಿದ್ದರೂ ಹಂಚಿಕೆಯಲ್ಲಿ ‘ಓದು’ ಮಾತ್ರ ಇದ್ದರೆ ಜಾಲದ ಮೂಲಕ ತಿದ್ದಲಾಗದು. ಗುಂಪಿಗೆ ಹೊಸದಾಗಿ ಸೇರಿಸಿದ ವ್ಯಕ್ತಿ ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗುವವರೆಗೆ ಬದಲಾವಣೆ ಕಾಣಿಸದು.

ಲಿನಕ್ಸ್‌ನ ಮೂಲ ಪದ್ಧತಿಯಲ್ಲಿ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿವೆ. ಓದಲು 4, ಬರೆಯಲು 2, ಚಾಲನೆಗೆ 1 ಎಂದು ಅಂಕಗಳನ್ನು ಕೂಡಿಸಿ ಅನುಮತಿಯನ್ನು ಸೂಚಿಸುತ್ತಾರೆ. 750 ಎಂದರೆ ಒಡೆಯನಿಗೆ ಎಲ್ಲ ಹಕ್ಕು, ಗುಂಪಿಗೆ ಓದು ಮತ್ತು ಚಾಲನೆ, ಇತರರಿಗೆ ಏನೂ ಇಲ್ಲ. ಫೋಲ್ಡರಿನ ವಿಷಯದಲ್ಲಿ ಚಾಲನೆ ಎಂದರೆ ಒಳಹೊಕ್ಕುವ ಹಕ್ಕು. ಫೋಲ್ಡರಿನಲ್ಲಿ ಬರೆಯುವ ಹಕ್ಕಿರುವವರು ಅದರೊಳಗಿನ ಕಡತವನ್ನು, ಆ ಕಡತ ಓದಲು ಮಾತ್ರ ಎಂದಿದ್ದರೂ, ಅಳಿಸಬಲ್ಲರು. ಕಡತಕ್ಕೆ ಬೀಗ ಹಾಕಿದೆನೆಂದು ನೆಮ್ಮದಿಯಾಗಿರುವವರು ಈ ಸೂಕ್ಷ್ಮವನ್ನು ಗಮನಿಸಬೇಕು.

ಮೂರು ವರ್ಗಗಳ ಪದ್ಧತಿಗೆ ಮಿತಿಯಿದೆ. ‘ನಕ್ಷೆಗಳು’ ಎಂಬ ಫೋಲ್ಡರನ್ನು ವಿನ್ಯಾಸದವರು ತಿದ್ದಬೇಕು, ಉತ್ಪಾದನೆಯವರು ಓದಬೇಕು, ಲೆಕ್ಕಪತ್ರದವರು ನೋಡಲೇಬಾರದು ಎಂದಾದರೆ ಒಂದೇ ಗುಂಪಿನ ಜಾಗ ಸಾಲದು. ಆಗ ಎಷ್ಟು ಗುಂಪುಗಳನ್ನಾದರೂ ಹೆಸರಿಸಲು ಬರುವ ಪ್ರವೇಶ ನಿಯಂತ್ರಣ ಪಟ್ಟಿಯನ್ನು ಬಳಸಬೇಕಾಗುತ್ತದೆ.

ಕೆಲಸ ಬಿಟ್ಟವರ ಖಾತೆ

ನೌಕರ ಕೆಲಸ ಬಿಟ್ಟು ತಿಂಗಳುಗಳಾದರೂ ಖಾತೆ ಜೀವಂತವಾಗಿರುವುದು ಅಪರೂಪವಲ್ಲ. ಆತ ಪಕ್ಕದ ರಸ್ತೆಯ ಪ್ರತಿಸ್ಪರ್ಧಿ ಘಟಕವನ್ನೇ ಸೇರಿರಬಹುದು. ಕೊನೆಯ ದಿನವೇ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು, ಆದರೆ ಕೂಡಲೇ ಅಳಿಸಬಾರದು. ವಿಂಡೋಸ್‌ನಲ್ಲಿ ಖಾತೆ ಅಳಿಸಿದರೆ ಆತನ ಕಡತಗಳ ಒಡೆಯನ ಹೆಸರಿನ ಜಾಗದಲ್ಲಿ ಅರ್ಥವಾಗದ ಉದ್ದನೆಯ ಸಂಕೇತ ಉಳಿಯುತ್ತದೆ. ಲಿನಕ್ಸ್ ಒಡೆಯನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಅಳಿಸಿದ ಖಾತೆಯ ಸಂಖ್ಯೆ ಮುಂದೆ ಬರುವ ಹೊಸಬನಿಗೆ ದೊರೆತರೆ, ಹಳಬನ ಕಡತಗಳಿಗೆಲ್ಲ ಆತನೇ ಒಡೆಯನಾಗಿಬಿಡುತ್ತಾನೆ.

ದಾಖಲೆ

ಯಾರು ಏನನ್ನು ಬದಲಿಸಿದರು ಎಂಬುದು ತಾನಾಗಿ ದಾಖಲಾಗುವುದಿಲ್ಲ. ವಿಂಡೋಸ್‌ನಲ್ಲಿ ಆಡಿಟ್ ಸೌಲಭ್ಯವನ್ನೂ ಸಾಂಬಾದಲ್ಲಿ ಅದಕ್ಕೆಂದೇ ಇರುವ ಘಟಕವನ್ನೂ ಚಾಲೂ ಮಾಡಬೇಕು. ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಕಡತ ಸರ್ವರ್ ಅಲ್ಲ, ದತ್ತಸಂಚಯ. ಆದರೂ ಇಲ್ಲಿ ಉಲ್ಲೇಖಾರ್ಹ. ಪಹಣಿಗಳನ್ನು ಗಣಕೀಕರಿಸಿದಾಗ ಬದಲಾವಣೆ ಮಾಡುವ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆ ತರಲಾಯಿತು. ‘ನನ್ನ ಗುಪ್ತಪದವನ್ನು ಬೇರೆಯವರು ಬಳಸಿದರು’ ಎಂದು ಹೇಳಲು ಇದರಿಂದ ಅವಕಾಶವಿಲ್ಲದಂತಾಯಿತು.

ಕನ್ನಡದ ಕಡತನಾಮಗಳು

ಕಡತಗಳಿಗೆ ಕನ್ನಡದಲ್ಲಿ ಹೆಸರಿಡಲು ಅಡ್ಡಿಯಿಲ್ಲ; ಹೆಸರು ಯೂನಿಕೋಡ್‌ನಲ್ಲಿ ಇರಬೇಕಷ್ಟೆ. ಆದರೆ ಲಿನಕ್ಸ್‌ನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಹೆಸರಿನ ಮಿತಿ 255 ಬೈಟ್‌ಗಳು, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷೇತ್ರ’ ಎಂಬ ಪುಟ್ಟ ಪದ ಒತ್ತಕ್ಷರ, ಸ್ವರಚಿಹ್ನೆ ಸೇರಿ 7 ಸಂಕೇತಗಳಾಗಿ 21 ಬೈಟ್ ತಿನ್ನುತ್ತದೆ. ಹೀಗಾಗಿ ವಿಂಡೋಸ್‌ನಲ್ಲಿ ಉಳಿದ ಉದ್ದನೆಯ ಕನ್ನಡ ಹೆಸರು ಸರ್ವರ್‌ಗೆ ನಕಲಾಗದೆ ಹೋಗಬಹುದು.

ಸುರಕ್ಷತೆ ಮತ್ತು ಕಾನೂನು

ಎಸ್‌ಎಂಬಿಯ ಮೊದಲ ಆವೃತ್ತಿ ಅಪಾಯಕಾರಿ. ಮೇ 2017ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ದಾಳಿ ಅದರ ದೋಷವನ್ನೇ ಬಳಸಿಕೊಂಡಿತು. ಅದನ್ನು ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ವಿಂಡೋಸ್ ಎಕ್ಸ್‌ಪಿ ಆಧಾರಿತ ಹಳೆಯ ಸಿಎನ್‌ಸಿ ಯಂತ್ರಗಳಿಗೆ ಆ ಆವೃತ್ತಿಯೇ ಬೇಕು. ಅವುಗಳಿಗಾಗಿ ಇಡೀ ಸರ್ವರನ್ನು ಸಡಿಲಗೊಳಿಸುವ ಬದಲು ಬೇರೆ ಜಾಲದಲ್ಲಿ ಓದಲು ಮಾತ್ರವಾದ ಸಣ್ಣ ಹಂಚಿಕೆಯನ್ನು ಒದಗಿಸುವುದು ಲೇಸು. ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಅಂತರಜಾಲಕ್ಕೆ ತೆರೆಯಬಾರದು. ಹೊರಗಿನಿಂದ ಕೆಲಸ ಮಾಡುವವರಿಗೆ ವಿಪಿಎನ್ ಇದೆ. ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ: ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಒಂದು ಪ್ರತಿಯಾದರೂ ಜಾಲಕ್ಕೆ ಸೇರದೆ ಹೊರಗಿರಬೇಕು.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನ ಪ್ರಕಾರ ಒಡೆಯರ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು, ಮಾಹಿತಿ ನಕಲಿಸುವುದು ಪರಿಹಾರಕ್ಕೆ ಗುರಿಮಾಡುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಯಾರಿಗೆ ಯಾವ ಅನುಮತಿಯಿತ್ತು, ಅದು ಎಂದು ಕೊನೆಗೊಂಡಿತು ಎಂಬ ಲಿಖಿತ ಪಟ್ಟಿ ಇಂತಹ ವ್ಯಾಜ್ಯದಲ್ಲಿ ಉಪಯೋಗಕ್ಕೆ ಬರುತ್ತದೆ.